ಸೊನ್ನೆ ತೋರಿಸಿದ ಮೀಟರು

ಶಿಷ್ಯನೊಬ್ಬ ಸಿಟ್ಟಿನಲ್ಲೇ ಕೇಳಿದ: "ಗುರುಗಳೇ, ನನ್ನ ತಮ್ಮ ಕೊಟ್ರೇಶನಿಗೆ ಮಾತು ತೊದಲುತ್ತದೆ. ನಾನು ಅದನ್ನು ಅಣಕಿಸುತ್ತಿದ್ದೆ. ತಪ್ಪೆನಿಸಿ ಹೋದ ವಾರ ಮನೆಯವರೆಲ್ಲರ ಮುಂದೆ ಕ್ಷಮೆ ಕೇಳಿದೆ. ಆಗಲಿ ಎಂದ. ನಿನ್ನೆ ಊಟಕ್ಕೆ ಕೂತಾಗ ನಾನು ಯಾವುದಕ್ಕೋ ನಕ್ಕರೆ ತಟ್ಟೆ ತಳ್ಳಿ ಎದ್ದುಹೋದ. ಕ್ಷಮಿಸಿದೆ ಎಂದು ಹೇಳಿ ಒಳಗೇ ಇಟ್ಟುಕೊಂಡವನ ಜೊತೆ ಇನ್ನೇನು ಸಂಬಂಧ? ಅವನನ್ನು ಬಿಟ್ಟುಬಿಡಲೇ?"

ಗುರುಗಳು ಬಿಡು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಕತೆ ಹೇಳಿದರು.

ಒಂದು ಊರಿನಲ್ಲಿ ನೆಲದಡಿ ಹೊಸ ಕೇಬಲ್ಲು ಹಾಕಿದರು. ನಡುವೆ ತಾಮ್ರದ ತಂತಿ, ಅದರ ಸುತ್ತ ಬೆರಳು ದಪ್ಪದ ಪ್ಲಾಸ್ಟಿಕ್ಕು. ಅದು ಗಟ್ಟಿಯಿದೆಯೋ ಇಲ್ಲವೋ ನೋಡಲು ಒಬ್ಬ ಇಂಜಿನಿಯರು ಬೆಳಗಿನಿಂದ ಮಧ್ಯಾಹ್ನದವರೆಗೆ ಅದರ ಮೇಲೆ ಭಾರೀ ವಿದ್ಯುತ್ತು ಹೇರಿದ. ಕೇಬಲ್ಲು ತಡೆದುಕೊಂಡಿತು. ಆಮೇಲೆ ವಿದ್ಯುತ್ತು ನಿಲ್ಲಿಸಿ, ಉಳಿದದ್ದು ನೆಲಕ್ಕಿಳಿಯಲೆಂದು ಒಂದು ನಿಮಿಷ ಅರ್ಥಿಂಗ್ ತಂತಿ ಮುಟ್ಟಿಸಿ ತೆಗೆದ. ಮೀಟರು ಸೊನ್ನೆ ತೋರಿಸಿತು. ಕೇಬಲ್ಲಿನ ತುದಿ ಜೋಡಿಸುವ ಕೆಲಸಗಾರನಿಗೆ, ಆ ತುದಿಯಿದ್ದ ಗುಂಡಿಗಿಳಿ ಎಂದ.

ಕೆಲಸಗಾರ ಇಳಿಯಲಿಲ್ಲ. ಅರ್ಥಿಂಗ್ ಕಟ್ಟಿಯೇ ಇರಲಿ, ನಾಳೆ ಮುಟ್ಟುತ್ತೇನೆ ಎಂದ. ನಾಲ್ಕು ಜನರ ಮುಂದೆ ಎದುರು ಮಾತು ಕೇಳಿ ಇಂಜಿನಿಯರಿಗೆ ಮೈ ಉರಿಯಿತು. ಇಳಿಯದಿದ್ದರೆ ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದು ಗದರಿದ.

"ಸೊನ್ನೆ ನಿಮ್ಮ ಮೀಟರಿಗೆ, ಸಾಹೇಬ್ರೇ. ಕೈ ನಂದು," ಎಂದ ಕೆಲಸಗಾರ. ಕೆಲಸ ಹೋದರೆ ಹೋಗಲಿ ಎಂದು ಗುಂಡಿಯ ಪಕ್ಕದಲ್ಲೇ ಕುಳಿತ. ಯಾರೂ ಏನೂ ಮುಟ್ಟದೆ ಮೀಟರು ನೋಡುತ್ತಿರಿ ಎಂದ.

ಒಂದು ಲೋಟ ಚಹಾ ಕುಡಿಯುವಷ್ಟರಲ್ಲಿ ಮುಳ್ಳು ಅಲುಗಿತು. ಮೆಲ್ಲಗೆ ಮೇಲೇರಿತು. ಮನುಷ್ಯನನ್ನು ಕೊಲ್ಲುವ ಮಟ್ಟವನ್ನೂ ದಾಟಿತು. ವಿದ್ಯುತ್ತು ಕೊಡುವ ಯಂತ್ರವನ್ನು ಆಗಲೇ ಬಿಚ್ಚಿ ಅತ್ತ ಇಟ್ಟಾಗಿತ್ತು.

ಇದರಲ್ಲಿ ಮಾಟವೇನೂ ಇಲ್ಲ. ತಾಮ್ರದಲ್ಲಿ ವಿದ್ಯುತ್ತು ಸರಾಗವಾಗಿ ಓಡುತ್ತದೆ, ಬಂದಷ್ಟೇ ಬೇಗ ಹೋಗುತ್ತದೆ. ಪ್ಲಾಸ್ಟಿಕ್ಕು ಅದಕ್ಕೆ ದಾರಿ ಕೊಡುವುದಿಲ್ಲ. ಆದರೂ ಬಿಡದೆ ಹೇರಿದರೆ ಒಂದಿಷ್ಟು ಒಳನುಗ್ಗಿ, ಕಣ್ಣಿಗೆ ಕಾಣದ ಕುಳಿಗಳಲ್ಲಿ ಸಿಕ್ಕಿಬೀಳುತ್ತದೆ. ಅರ್ಥಿಂಗ್ ಮುಟ್ಟಿಸಿದೊಡನೆ ಹೊರಗಿನದು ಹರಿದುಹೋಗುತ್ತದೆ. ಒಳಗಿನದು ಒಂದು ಕುಳಿಯಿಂದ ಎದ್ದು, ಇನ್ನೊಂದರಲ್ಲಿ ಬಿದ್ದು, ತನಗೆ ಆದಾಗ ಹೊರಬರುತ್ತದೆ. ಅವಸರಪಡಿಸಿದರೆ ಕೇಳುವುದಿಲ್ಲ.

ಇಂಜಿನಿಯರು ಪೆಚ್ಚಾದ. ಆದರೆ ಸೋಲೊಪ್ಪುವ ಆಸಾಮಿಯಲ್ಲ. ಕೇಬಲ್ಲೇ ಸರಿಯಿಲ್ಲ, ಕಿತ್ತು ಬಿಸಾಡಿ ಎಂದ.

"ಕೇಬಲ್ಲಿಗೆ ಯಾಕೆ ಬೈತೀರಿ? ಬೆಳಿಗ್ಗಿಂದ ಹೇರಿದೋರು ನೀವು. ಇಳಿಸ್ಕೊಳ್ಳೋಕೆ ಕೊಟ್ಟಿದ್ದು ಒಂದು ನಿಮಿಷ," ಎಂದ ಕೆಲಸಗಾರ. ಉದ್ದ ಕೋಲಿನಿಂದ ಅರ್ಥಿಂಗ್ ತಂತಿಯನ್ನು ತಾನೇ ಸಿಕ್ಕಿಸಿ, ಯಾರೂ ತೆಗೆಯಕೂಡದೆಂದು ಹೇಳಿ ಮನೆಗೆ ಹೋದ. ಮರುದಿನ ಬಂದು ಅದೇ ಕೇಬಲ್ಲನ್ನು ಬರಿಗೈಯಲ್ಲಿ ಹಿಡಿದು ಜೋಡಿಸಿದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಸಿಟ್ಟು ಇಳಿದಿರಲಿಲ್ಲ. ತಾನು ಕ್ಷಮೆ ಕೇಳಿದ್ದು ಮನಸಾರೆ, ಕಾದದ್ದೂ ಒಂದು ನಿಮಿಷವಲ್ಲ, ಪೂರ್ತಿ ಒಂದು ವಾರ ಎಂದು ವಾದಿಸಿದ.

ಗುರುಗಳು ಕೇಳಿದರು: "ಅಣಕಿಸಿದ್ದು ಎಷ್ಟು ವರ್ಷ?"