ಕಾವು ತಪ್ಪಿದ ಮೊಟ್ಟೆ

ಚಿತ್ತಯ್ಯನವರ ಗುಡಿಸಲು ಹೊಳೆಯ ದಡದಲ್ಲಿತ್ತು. ಸುತ್ತ ಜಾಲಿ, ಮುಂದೆ ಒಂದು ಹುಣಸೆಮರ, ಮರದ ಕೆಳಗೆಲ್ಲ ಕೋಳಿಗಳು.

ಗುರುವಿನ ಮನೆಯಲ್ಲಿ ಕೋಳಿ ಯಾಕೆ ಎಂದು ಹೊಸದಾಗಿ ಬಂದವರು ಕೇಳುತ್ತಿದ್ದರು. ದಿಬ್ಬದ ಮೇಲಿನ ಮಾರಮ್ಮನಿಗೆ ಜನ ಹರಕೆಯ ಕೋಳಿ ತರುವುದು ವಾಡಿಕೆ. "ಕೊಯ್ಯೋಕೆ ಮನಸ್ಸಿಲ್ಲದವರು ನನ್ನ ಹತ್ರ ಬಿಟ್ಟುಹೋಗಿ. ಅಮ್ಮನಿಗೆ ನಾನು ಹೇಳ್ಕೊಳ್ತೀನಿ" ಎಂದು ಚಿತ್ತಯ್ಯನವರು ಯಾವಾಗಲೋ ಅಂದಿದ್ದರು. ಅಂದಿನಿಂದ ಕೋಳಿ ಹೆಚ್ಚುತ್ತಲೇ ಬಂದವು.

ಅವನ್ನು ನೋಡಿಕೊಳ್ಳುವ ಕೆಲಸ ಸಿರಿಯಣ್ಣನ ಪಾಲಿಗೆ ಬಂದಿತ್ತು.

ಸಿರಿಯಣ್ಣ ಶಿಷ್ಯನಾಗಿ ಬಂದು ಕೆಲವು ವರ್ಷಗಳಾಗಿದ್ದವು. ಪದ, ವಚನ, ಶ್ಲೋಕ, ಯಾವುದನ್ನು ಕೇಳಿದರೂ ಬಾಯಲ್ಲೇ ಇತ್ತು. ಬಾರದ್ದು ಒಂದೇ, ಸುಮ್ಮನೆ ಕೂರುವುದು. ಕಣ್ಣು ಮುಚ್ಚಿದರೆ ಕಾಲು ಜೋಮು ಹಿಡಿಯುತ್ತಿತ್ತು. ಕಾಲು ಸರಿಹೋದರೆ ಮನಸ್ಸು ಎದ್ದು ಹೊರಡುತ್ತಿತ್ತು.

"ಅಜ್ಜಯ್ಯ, ನನಗೆ ಕೂರೋದು ಕಲಿಸಿ" ಎಂದು ಒಂದು ಬೆಳಿಗ್ಗೆ ಚಿತ್ತಯ್ಯನವರನ್ನು ಕೇಳಿದ.

"ಬೂದುಕೋಳಿ ಕಾವಿಗೆ ಬಂದೈತೆ. ಮೊದಲು ಅದನ್ನ ಕೂರಿಸು" ಎಂದರು ಅಜ್ಜಯ್ಯ.

ಸಿರಿಯಣ್ಣನಿಗೆ ಬೇಸರವಾಯಿತು. ಆದರೂ ಹೋದ. ಬೂದುಕೋಳಿ ಹುಲ್ಲಿನ ಮೂಲೆಯಲ್ಲಿ ಪುಕ್ಕ ಕೆದರಿಕೊಂಡು, ಗೊರಗೊರ ಅನ್ನುತ್ತ, ನೆಲಕ್ಕೆ ಅಂಟಿದ ಹಾಗೆ ಕೂತಿತ್ತು. ಅದರ ಕೆಳಗೆ ಒಂದು ಮೊಟ್ಟೆಯೂ ಇರಲಿಲ್ಲ. ಕೈ ಹಾಕಿದರೆ ಕುಕ್ಕಿತು.

ಬುಟ್ಟಿಗೆ ಬೂದಿ ಹಾಸಿ, ಮೇಲೆ ಹುಲ್ಲಿಟ್ಟು, ಮೊಟ್ಟೆ ಜೋಡಿಸಿದ. ಅಜ್ಜಯ್ಯ ಒಂದು ಇದ್ದಿಲ ಚೂರು ಕೊಟ್ಟರು.

"ಪ್ರತಿ ಮೊಟ್ಟೆಗೂ ಒಂದು ಗೆರೆ ಎಳಿ. ಬೇರೆ ಕೋಳಿಗಳು ಬಂದು ಇದರ ಬುಟ್ಟಿಯಲ್ಲೇ ಮೊಟ್ಟೆ ಇಟ್ಟು ಹೋಗ್ತವೆ. ಗೆರೆ ಇಲ್ಲದ್ದು ಕಂಡರೆ ಅವತ್ತೇ ತೆಗಿ. ಜೊತೆಗೆ ಕೂತವು ಜೊತೆಗೇ ಏಳಬೇಕು."

ಸಿರಿಯಣ್ಣ ದಿನಕ್ಕೆ ಹತ್ತು ಸಲ ಹೋಗಿ ಕೋಳಿಯನ್ನು ಎತ್ತಿ ನೋಡುತ್ತಿದ್ದ. ಕೈಯೆಲ್ಲ ಗಾಯವಾಯಿತು.

"ಯಾಕೋ ಎತ್ತುತೀಯ?"

"ಒಳಗೆ ಏನಾಗ್ತಾ ಐತೋ ತಿಳೀಬೇಕಲ್ಲ, ಅಜ್ಜಯ್ಯ."

"ಅದಕ್ಕೂ ತಿಳೀದು. ತಿಳೀದೇ ಕೂತೈತೆ ನೋಡು."

ಸಿರಿಯಣ್ಣ ಕೈ ಹಿಂದಕ್ಕೆ ತೆಗೆದ.

ಇನ್ನೊಂದು ದಿನ ಓಡಿ ಬಂದ. "ಅಜ್ಜಯ್ಯ, ಕೋಳಿ ಎದ್ದುಬಿಡ್ತು! ತಿಪ್ಪೆ ಕೆದಕ್ತಾ ಐತೆ. ಮಣ್ಣಲ್ಲಿ ಹೊರಳ್ತಾ ಐತೆ. ಎಲ್ಲ ತಪಸ್ಸು ಕೆಟ್ಟುಹೋಯ್ತು."

"ಉಣ್ಣದೇ ಕೂತ ಕೋಳಿ ಮೊಟ್ಟೆ ಮೇಲೇ ಸಾಯ್ತದೆ. ಸತ್ತ ಕೋಳಿಗೆ ಕಾವೆಲ್ಲಿ ಬಂತು?"

ಅವರು ಹೇಳಿ ಮುಗಿಸುವಷ್ಟರಲ್ಲಿ ಬೂದುಕೋಳಿ ಮೈ ಕೊಡವಿಕೊಂಡು ತಿರುಗಿ ಬಂದು, ಮೊಟ್ಟೆಗಳನ್ನು ಕೊಕ್ಕಿನಿಂದ ಒಂದೊಂದಾಗಿ ಹೊರಳಿಸಿ ಕೂತಿತು. ಸಿರಿಯಣ್ಣ ನೋಡುತ್ತ ನಿಂತ. ಇಷ್ಟು ಸಲೀಸಾಗಿ ಎದ್ದು ಹೋಗಿ, ಇಷ್ಟು ಸಲೀಸಾಗಿ ಬಂದು ಕೂರುವುದು ತನಗೆ ಎಂದಾದರೂ ಬಂದೀತೇ ಅನ್ನಿಸಿತು.

ಆದರೆ ಅವನು ಒಂದು ತಪ್ಪು ಮಾಡಿದ್ದ. ಕೋಳಿ ಕೂತ ಎರಡು ದಿನದ ಮೇಲೆ ಜಾಲಿಯ ಬುಡದಲ್ಲಿ ಒಂದು ಮೊಟ್ಟೆ ಸಿಕ್ಕಿತ್ತು. ಇಷ್ಟಕ್ಕೆ ಸಾಲುವ ಬಿಸಿ ಇನ್ನೊಂದಕ್ಕೆ ಸಾಲದೇ ಅಂದುಕೊಂಡು, ಅದಕ್ಕೂ ಗೆರೆ ಎಳೆದು ಬುಟ್ಟಿಗೆ ಸೇರಿಸಿಬಿಟ್ಟಿದ್ದ.

ಮೊಟ್ಟೆಗಳು ಒಡೆದು ಮರಿಗಳು ಹೊರಬಂದವು. ಮರುದಿನ ಬೂದುಕೋಳಿ ಬುಟ್ಟಿಯಿಂದ ಇಳಿದು, ಕ್ಲಕ್ ಕ್ಲಕ್ ಅನ್ನುತ್ತ ಮರಿಗಳನ್ನು ಕರೆದುಕೊಂಡು ಅಂಗಳಕ್ಕೆ ಹೊರಟಿತು. ಬುಟ್ಟಿಯಲ್ಲಿ ಒಂದು ಮೊಟ್ಟೆ ಉಳಿಯಿತು.

ಸಿರಿಯಣ್ಣ ಕೋಳಿಯ ಹಿಂದೆ ಓಡಿದ. ಹಿಡಿದು ತಂದು ಕೂರಿಸಿದ. ಅದು ಮತ್ತೆ ಎದ್ದು ಹೋಯಿತು.

"ಎಂಥ ತಾಯಿ ಇದು!"

"ಬಿಡು. ಹುಟ್ಟಿದವಕ್ಕೆ ಹಸಿವಾಗೈತೆ, ಅದು ಹೋಗಲೇಬೇಕು" ಎಂದು ಅಜ್ಜಯ್ಯ ಆ ಮೊಟ್ಟೆಯನ್ನು ಎತ್ತಿ ಕಿವಿಗೆ ಹಿಡಿದರು. ಒಳಗಿನಿಂದ ಸಣ್ಣಗೆ ಚೀ ಎಂಬ ದನಿ ಬಂತು. "ಇದು ಯಾವಾಗ ಕೂತದ್ದು?"

"ಎರಡು ದಿನ ತಡವಾಗಿ. ನಾನೇ ಇಟ್ಟೆ, ಅಜ್ಜಯ್ಯ."

ಅಜ್ಜಯ್ಯ ಬೈಯಲಿಲ್ಲ. ಮೊಟ್ಟೆಯನ್ನು ಹೊಟ್ಟೆಗೆ ಆನಿಸಿಕೊಂಡು, ಮೇಲೆ ಎರಡೂ ಕೈ ಮುಚ್ಚಿ, ಕಂಬಳಿ ಹೊದ್ದು, ಹುಣಸೆಮರದ ಕೆಳಗೆ ಕೂತರು.

ಹೊತ್ತು ಏರುವಾಗ ದಾರಿಯಲ್ಲಿ ಧೂಳೆದ್ದಿತು. ಕುದುರೆಗಳು ಬಂದವು. ಮುಂದಿದ್ದವನು ಓಬಳ ನಾಯಕ, ಆ ಸೀಮೆಯ ಪಾಳೆಯಗಾರ.

ಅವನು ಯಾಕೆ ಬಂದನೆಂಬುದು ಸಿರಿಯಣ್ಣನಿಗೆ ಕೂಡಲೇ ಹೊಳೆಯಿತು. ಹೊಳೆಯ ಮೇಲ್ಗಡೆಯ ಹಿರೇಕಟ್ಟೆ ಊರಿನವರು ಕಾಲುವೆಗೆ ಅಡ್ಡ ಕಟ್ಟಿ ನೀರು ತಡೆದಿದ್ದರು. ಕೇಳಲು ಹೋದ ನಾಯಕನ ಆಳನ್ನು ಹೊಡೆದು ಕಳಿಸಿದ್ದರು. ಊರನ್ನು ಸುಟ್ಟೇ ತೀರುತ್ತೇನೆ ಎಂದು ನಾಯಕ ಆಣೆ ಇಟ್ಟಿದ್ದಾನೆಂಬ ಸುದ್ದಿ ನಿನ್ನೆಯೇ ಬಂದಿತ್ತು.

ಸಿರಿಯಣ್ಣನ ಅಕ್ಕ ಪಾಲಮ್ಮನನ್ನು ಕೊಟ್ಟಿದ್ದು ಹಿರೇಕಟ್ಟೆಗೆ. ಅವಳ ಕಿರಿಮಗಳು ಇನ್ನೂ ತೊಟ್ಟಿಲಲ್ಲಿದ್ದಳು.

ಅವನು ಅಜ್ಜಯ್ಯನ ಹತ್ತಿರ ಬಗ್ಗಿ ಪಿಸುಗುಟ್ಟಿದ. "ಎದ್ದೇಳಿ, ಅಜ್ಜಯ್ಯ. ಎದುರುಗೊಂಡು ನಾಲ್ಕು ಮಾತು ಹೇಳಿ. ನಿಮ್ಮ ಮಾತು ಕೇಳ್ತಾನೆ."

"ಎದ್ದರೆ ಗಾಳಿ ತಾಗ್ತದೆ" ಎಂದರು ಅಜ್ಜಯ್ಯ.

"ಊರು ಸುಡೋಕೆ ಹೊರಟಿದ್ದಾನೆ! ಮೊಟ್ಟೆ ಕಾಯ್ತಾ ಕೂರೋ ಹೊತ್ತೇ ಇದು?"

"ಮೊಟ್ಟೆಗೆ ಹೊತ್ತು ಗೊತ್ತಾಗಲ್ವಲ್ಲ, ಸಿರಿಯಣ್ಣ."

ನಾಯಕ ಕುದುರೆ ಇಳಿದು ಬಂದ. ಗುರು ಏಳಲಿಲ್ಲ. ನಾಯಕನ ಹುಬ್ಬು ಗಂಟಾಯಿತು. ಆದರೂ ಬಗ್ಗಿ ಕಾಲು ಮುಟ್ಟಿ, ಸೊಂಟದ ಕತ್ತಿಯನ್ನು ಒರೆಯಿಂದ ಎಳೆದು ಮುಂದೆ ಹಿಡಿದ.

"ನಮ್ಮಪ್ಪ ದಂಡೆತ್ತಿ ಹೋಗುವಾಗ ನಿಮ್ಮ ಗುರುಗಳು ಕತ್ತಿ ಮುಟ್ಟಿ ಕೊಡ್ತಿದ್ರು. ನೀವು ಮುಟ್ಟಿ ಕೊಡಿ, ಅಜ್ಜಯ್ಯ."

"ಕೈಗೆ ಬಿಡುವಿಲ್ಲ, ಓಬಳ."

"ಏನೈತೆ ಕೈಯಲ್ಲಿ?"

"ಒಂದು ಮೊಟ್ಟೆ. ಕೋಳಿ ಬಿಟ್ಟುಹೋಗೈತೆ. ಮರಿ ಬರೋ ಹೊತ್ತು."

ಕುದುರೆಯ ಮೇಲಿದ್ದವರಲ್ಲಿ ಯಾರೋ ನಕ್ಕರು. ನಾಯಕ ತಿರುಗಿ ನೋಡಿದ. ನಗು ನಿಂತಿತು.

ಸಿರಿಯಣ್ಣ ತಡೆಯಲಾರದೆ ಮುಂದೆ ಬಂದ. ಕೈ ಮುಗಿದು, ದಯೆಯ ಮೇಲೆ ತನಗೆ ಗೊತ್ತಿದ್ದುದನ್ನೆಲ್ಲ ಹೇಳತೊಡಗಿದ. ಶ್ಲೋಕದ ಮೇಲೆ ಶ್ಲೋಕ ಬಂತು. ಒಂದು ಅಕ್ಷರವೂ ತಪ್ಪಲಿಲ್ಲ.

ನಾಯಕ ಕೊನೆಯವರೆಗೂ ಕೇಳಿ, "ನಿಮ್ಮಕ್ಕ ಹಿರೇಕಟ್ಟೆಯವಳಲ್ವೇ?" ಎಂದ.

"ಹೌದು, ನಾಯಕರೇ."

"ಅವಳು ಬೇರೆ ಊರಲ್ಲಿದ್ದಿದ್ರೆ ಇಷ್ಟೊಂದು ಶ್ಲೋಕ ನೆನಪಾಗ್ತಿತ್ತೇ?"

ಸಿರಿಯಣ್ಣ ಮುಗಿದ ಕೈ ಇಳಿಸಿದ. ಅದು ನಿಜವೆಂದು ಅವನಿಗೇ ಗೊತ್ತಿತ್ತು.

ನಾಯಕ ಅಲ್ಲೇ ನಿಂತ. ಗುರು ಮುಟ್ಟದ ಕತ್ತಿ ಹಿಡಿದು ಹೋಗಲು ಅವನಿಗೆ ಅಳುಕು. ಬರಿಗೈಯಲ್ಲಿ ಹಿಂದಿರುಗಲು ಅವಮಾನ. ಬಿಸಿಲು ಏರಿತು. ಕುದುರೆಗಳು ಕಾಲು ಬದಲಿಸಿದವು.

ಆಗ ಅಜ್ಜಯ್ಯ ಮೆಲ್ಲಗೆ ಮಿಸುಕಾಡಿದರು.

"ನಾನೊಂದು ಸಲ ಹೊಳೆಕಡೆ ಹೋಗಿ ಬರಬೇಕು."

ಸಿರಿಯಣ್ಣ ಥಟ್ಟನೆ ಎರಡೂ ಕೈ ಚಾಚಿದ. "ಕೊಡಿ, ಅಜ್ಜಯ್ಯ. ನಾನು ಹಿಡ್ಕೊಳ್ತೀನಿ."

ಅಜ್ಜಯ್ಯ ಆ ಕೈಗಳನ್ನು ದಾಟಿ ನಾಯಕನ ಕಡೆ ತಿರುಗಿದರು.

"ಬಾ, ಓಬಳ. ಇಲ್ಲಿ ಕೂತ್ಕೋ. ಸ್ವಲ್ಪ ಹೊತ್ತು ಇದನ್ನ ನೋಡ್ಕೋ."

"ನಾನಾ?"

"ಬೇಗ ಬಾ, ಆರ್ತದೆ. ಒಂದು ಕೈ ಸಾಲಲ್ಲ, ಎರಡೂ ಬೇಕು."

ನಾಯಕ ಒಮ್ಮೆ ತನ್ನ ಜನರ ಕಡೆ ನೋಡಿದ, ಒಮ್ಮೆ ಕತ್ತಿಯ ಕಡೆ. ಗುರುವಿನ ಮಾತು ಮೀರುವ ಹಾಗಿರಲಿಲ್ಲ. ಕತ್ತಿಯನ್ನು ಬೇರಿನ ಮೇಲಿಟ್ಟು, ಮರಕ್ಕೆ ಒರಗಿ ಕೂತು, ಕೈ ಒಡ್ಡಿದ. ಅಜ್ಜಯ್ಯ ಮೊಟ್ಟೆಯನ್ನು ಅವನ ಅಂಗೈಯಲ್ಲಿಟ್ಟು, ತಮ್ಮ ಕಂಬಳಿಯನ್ನು ಅವನ ಹೆಗಲಿಗೆ ಹೊದಿಸಿದರು.

"ಅಲ್ಲಾಡಬೇಡ" ಎಂದು ಹೇಳಿ ಹೊಳೆಗೆ ಇಳಿದುಹೋದರು.

ಸಿರಿಯಣ್ಣ ತುಸು ದೂರದಲ್ಲಿ ನಿಂತು ನೋಡಿದ.

ಮೊದಮೊದಲು ನಾಯಕನ ಮುಖದಲ್ಲಿ ಸಿಟ್ಟಿತ್ತು. ಆಮೇಲೆ ಹೆದರಿಕೆ ಬಂತು. ಹೆಚ್ಚು ಒತ್ತಿದರೆ ಒಡೆದೀತು, ಸಡಿಲ ಬಿಟ್ಟರೆ ಜಾರೀತು. ಅವನ ದಪ್ಪ ಬೆರಳುಗಳಿಗೆ ಎಷ್ಟು ಬಿಗಿ ಹಿಡಿಯಬೇಕೆಂದೇ ತಿಳಿಯಲಿಲ್ಲ. ಹಣೆಯಲ್ಲಿ ಬೆವರು ಒಡೆಯಿತು. ಒರೆಸಿಕೊಳ್ಳಲು ಕೈ ಇರಲಿಲ್ಲ.

ಕಂಬಳಿಯೊಳಗಿಂದ ಚೀ ಎಂದಿತು.

ನಾಯಕ ಬೆಚ್ಚಿದ. ಸುತ್ತ ನೋಡಿದ. ತಲೆ ಬಗ್ಗಿಸಿ, ಯಾರಿಗೂ ಕೇಳಿಸದಂತೆ ಏನೋ ಅಂದ. ಒಳಗಿನದು ಮತ್ತೆ ಚೀ ಎಂದಿತು.

ಸಿರಿಯಣ್ಣ ಹೊಳೆಗೆ ಓಡಿದ. ಅಜ್ಜಯ್ಯ ಕೈಕಾಲು ತೊಳೆದು ಬಂಡೆಯ ಮೇಲೆ ಕೂತಿದ್ದರು.

"ಬನ್ನಿ, ಅಜ್ಜಯ್ಯ. ಅವನು ಒಬ್ಬನೇ ಕೂತಿದ್ದಾನೆ."

"ಹೌದೇ? ಒಬ್ಬನೇ ಕೂತಿದ್ದಾನೇ?" ಎಂದು ಅಜ್ಜಯ್ಯ ಕಾಲನ್ನು ಇನ್ನಷ್ಟು ನೀರಿಗೆ ಬಿಟ್ಟರು.

ಅವರು ಹಿಂದಿರುಗಿದಾಗ ನೆರಳು ಉದ್ದವಾಗಿತ್ತು. ಸವಾರರು ಕುದುರೆ ಇಳಿದು ಸುತ್ತ ಮಂಡಿಯೂರಿ ಕೂತಿದ್ದರು. ನಾಯಕ ಕಂಬಳಿ ಸರಿಸಿದ್ದ. ಅವನ ಅಂಗೈಯಲ್ಲಿ ಎರಡು ಹೋಳು ಚಿಪ್ಪು, ನಡುವೆ ಒದ್ದೆಯಾದ ಒಂದು ಮರಿ.

"ಅಜ್ಜಯ್ಯ, ನಡುಗ್ತಾ ಐತೆ. ಏನು ಮಾಡ್ಲಿ?" ಎಂದ ನಾಯಕ. ಆ ದನಿಯನ್ನು ಅವನ ಜನ ಯಾವತ್ತೂ ಕೇಳಿರಲಿಲ್ಲ.

"ಮುಚ್ಕೋ. ಮೈ ಆರಲಿ."

ನಾಯಕ ಮುಚ್ಚಿಕೊಂಡ. ಹೊತ್ತು ಇಳಿಯುವಾಗ ಬೂದುಕೋಳಿ ಮರಿಗಳನ್ನು ರೆಕ್ಕೆಯಡಿ ಸೇರಿಸಿಕೊಂಡು ಬುಟ್ಟಿಯಲ್ಲಿ ಕೂತಿತು. ನಾಯಕ ತಾನೇ ಬಗ್ಗಿ ಹೋಗಿ ಮರಿಯನ್ನು ಅದರ ರೆಕ್ಕೆಯ ಕೆಳಗೆ ನೂಕಿದ. ಕೋಳಿ ಅವನ ಕೈಯನ್ನು ಬಲವಾಗಿ ಕುಕ್ಕಿತು. ನಾಯಕ ಕೈ ಕೊಡವಿಕೊಂಡು ನಕ್ಕ. ಮರಿಯನ್ನು ಮಾತ್ರ ಕೋಳಿ ಒಳಗೆ ಸೇರಿಸಿಕೊಂಡಿತು.

ಅವನು ಮರದ ಬುಡಕ್ಕೆ ಬಂದು ಕತ್ತಿ ಎತ್ತಿಕೊಂಡ. ಸ್ವಲ್ಪ ಹೊತ್ತು ನೋಡಿ ಒರೆಗೆ ಸೇರಿಸಿದ. ಮುಟ್ಟಿಕೊಡಿ ಎಂದು ಕೇಳಲಿಲ್ಲ.

"ಹಿರೇಕಟ್ಟೆಯ ಗೌಡನಿಗೆ ಹೇಳಿಕಳಿಸ್ತೀನಿ. ಕಾಲುವೆ ಹತ್ರ ಬರಲಿ, ನಾನೂ ಬರ್ತೀನಿ. ಕೂತು ಮಾತಾಡೋಣ" ಎಂದ. ಯಾರಿಗೆ ಹೇಳಿದನೋ, ತನಗೇ ಹೇಳಿಕೊಂಡಂತಿತ್ತು.

ಕುದುರೆಗಳು ಬಂದ ದಾರಿಯಲ್ಲೇ ಹಿಂದಿರುಗಿದವು.

ಧೂಳು ಅಡಗುವವರೆಗೂ ಸಿರಿಯಣ್ಣ ನಿಂತಿದ್ದ. ಆಮೇಲೆ ಅಜ್ಜಯ್ಯನ ಕಾಲಿಗೆ ಬಿದ್ದ. ಅಕ್ಕನ ಮಗು ಕಣ್ಣ ಮುಂದೆ ಬಂದು ಅಳು ಉಕ್ಕಿತು.

"ಎಲ್ಲ ತಿಳಿದೇ ಮಾಡಿದ್ರಿ, ಅಜ್ಜಯ್ಯ."

"ಏನೂ ತಿಳಿದಿರಲಿಲ್ಲ. ನಿಜವಾಗಿಯೂ ಹೊಳೆಗೆ ಹೋಗಬೇಕಿತ್ತು."

"ಅವನು ಅದನ್ನ ನೆಲಕ್ಕೆ ಎಸೆದಿದ್ರೆ?"

"ಎಸೆಯಬಹುದಿತ್ತು" ಎಂದರು ಅಜ್ಜಯ್ಯ. ಅವರ ದನಿಯಲ್ಲಿ ಸಿರಿಯಣ್ಣ ಎಂದೂ ಕೇಳದ ದಣಿವಿತ್ತು. ಹೊಳೆಯ ಬಂಡೆಯ ಮೇಲೆ ಅವರು ಎಷ್ಟು ಹೆದರಿಕೊಂಡು ಕೂತಿದ್ದಿರಬೇಕೆಂದು ಅವನಿಗೆ ಈಗ ಅರಿವಾಯಿತು. ಹೆದರಿಯೂ ಕೂತಿದ್ದರು. ಅವನು ಅವರ ಮುಖವನ್ನೇ ನೋಡಿದ.

"ಹಾಗಾದ್ರೆ ನನ್ನ ಕೈಗೇ ಕೊಡಬಹುದಿತ್ತಲ್ಲ? ನಾನು ಕೈ ಚಾಚಿದ್ದೆ. ನನ್ನ ಕೈಯಲ್ಲಿ ಅದು ಭದ್ರವಾಗಿ ಇರ್ತಿತ್ತು."

ಅಜ್ಜಯ್ಯ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡರು.

"ಇರ್ತಿತ್ತು. ಆದರೆ ನಿನ್ನ ಕೈ ಖಾಲಿ ಇತ್ತು, ಸಿರಿಯಣ್ಣ. ಅವನ ಕೈಯಲ್ಲಿ ಕತ್ತಿ ಇತ್ತು."