ನಲವತ್ತು ದಿನದ ‘ಹೆಚ್ಚೇನೂ ಇಲ್ಲ’

ದೂರದ ಗ್ಯಾಲಕ್ಸಿಯೊಂದು ಇದ್ದಕ್ಕಿದ್ದಂತೆ ಧಗ್ಗನೆ ಹೊಳೆಯಿತು. ಅದನ್ನು ಮೊದಲು ಕಂಡ ಬೆಟ್ಟದ ದೂರದರ್ಶಕ, ಆಕಾಶದ ರೇಡಿಯೋ ಅಲೆಗಳನ್ನು ಹಿಡಿಯಲು ಬಯಲಿನಲ್ಲಿದ್ದ ದೊಡ್ಡ ರೇಡಿಯೋ ತಟ್ಟೆಯನ್ನು ಕೂಗಿತು: “ಬೇಗ ಅತ್ತ ತಿರುಗಿ! ಬೆಳಕು ಹತ್ತು ಪಟ್ಟು ಏರಿದೆ!”

ತಟ್ಟೆ ತಿರುಗಿತು. ರೇಡಿಯೋ ಅಲೆಗಳು ಎಂದಿನಂತೆಯೇ ಇದ್ದವು. ‘ಹೆಚ್ಚೇನೂ ಇಲ್ಲ’ ಎಂದು ಬರೆದಿಟ್ಟಿತು. ಮರುದಿನವೂ ಅದನ್ನೇ ಬರೆಯಿತು.

ವಾರದೊಳಗೆ ಬೆಳಕು ಇಳಿಯಿತು. ದೂರದರ್ಶಕ ಯಾವುದೋ ನಕ್ಷತ್ರದತ್ತ ಹೊರಳಿ ನಕ್ಕಿತು: “ಕಾಣದ್ದನ್ನು ದಿನಾ ಬರೆಯುತ್ತೀರಲ್ಲ, ಬೇಸರವಾಗುವುದಿಲ್ಲವೇ?”

“ಕಂಡದ್ದನ್ನು ನೀವು ಬರೆದಿರಿ. ಕಾಣದ್ದನ್ನೂ ಯಾರಾದರೂ ಬರೆಯಬೇಕಲ್ಲ,” ಎಂದಿತು ತಟ್ಟೆ.

ನಲವತ್ತೊಂದನೆಯ ದಿನ ತಟ್ಟೆಯೇ ಕೂಗಿತು: “ಬಂತು! ಬಂತು! ರೇಡಿಯೋ ಅಲೆ ಮೂರು ಪಟ್ಟು ಏರಿತು!”

ದೂರದರ್ಶಕ ಗಡಬಡಿಸಿ ಹೊರಳಿತು. “ಅಂದು ಧಗ್ಗನೆ ಹೊಳೆದದ್ದರ ರೇಡಿಯೋ ಅಲೆ ಇಷ್ಟು ತಡವಾಗಿ ಹೊರಬಂತೇ! ಆದರೆ ಇದು ಮೊನ್ನೆಯೋ ಹೋದ ವಾರವೋ ಏರಿಲ್ಲವೆಂದು ಯಾರು ಹೇಳಬಲ್ಲರು? ಸರಿಯಾಗಿ ಎಷ್ಟು ದಿನ ಹಿಡಿಯಿತು?”

ತಟ್ಟೆ ತನ್ನ ನಲವತ್ತು ‘ಹೆಚ್ಚೇನೂ ಇಲ್ಲ’ಗಳನ್ನು ಮುಂದಿಟ್ಟಿತು. ದೂರದರ್ಶಕ ಆತುರಾತುರವಾಗಿ ಎಣಿಸತೊಡಗಿತು.

“ನಿಧಾನ,” ಎಂದಿತು ತಟ್ಟೆ. “ನೀವು ನಕ್ಕ ದಿನದ್ದೂ ಅದರಲ್ಲಿದೆ. ಬಿಡದೆ ಎಣಿಸಿ.”