ಗಡಿಯಾರದ ಬೆನ್ನು

‘ನಂಬಿದರೆ ನಂಬಿ, ಬಿಟ್ಟರೆ ಬಿಡಿ ಗುರುಗಳೇ! ಮಠಕ್ಕೆ ಬಂದು ಮೂರು ವರ್ಷವಾಯಿತು. ನನ್ನಿಂದ ಒಂದೇ ಒಂದು ತಪ್ಪು ಆಗಿದ್ದರೆ ಯಾರಾದರೂ ತೋರಿಸಲಿ, ಮೀಸೆ ಬೋಳಿಸುತ್ತೇನೆ. ಎರಡು ಸಲ ಓಡಿಹೋಗಿ, ಅತ್ತುಕೊಂಡು ತಿರುಗಿ ಬಂದ ತಿಪ್ಪಣ್ಣನಿಗೆ ದೀಕ್ಷೆ ಕೊಟ್ಟಿರಿ. ನನಗೇಕಿಲ್ಲ?’

ಹೀಗೆ ಕೇಳಿದವನು ಗುಡ್ಡಪ್ಪ. ಏಳು ಹಳ್ಳಿಗೆ ತನ್ನಂಥವನಿಲ್ಲ ಎಂದು ತಾನೇ ಸಾರಿಕೊಂಡು ಬಂದವನು. ಗುರುಗಳು ಬೇಸರಿಸಲಿಲ್ಲ. ‘ಕೂತುಕೋ’ ಎಂದರು. ಕತೆ ಹೇಳಿದರು.

ಒಬ್ಬ ವ್ಯಾಪಾರಿ ಹಳೆಯ ಗೋಡೆ ಗಡಿಯಾರಗಳನ್ನು ಮಾರುತ್ತಿದ್ದ. ಲೋಲಕದ ದೊಡ್ಡ ಗಡಿಯಾರಗಳ ಮುಂದಿನ ತಲೆಮಾರಿನವು. ನಡುವೆ ಅಂಗೈಯಗಲದ ಮುಖ, ಸುತ್ತ ಸೂರ್ಯನ ಕಿರಣದಂತೆ ತೇಗದ ಕಡ್ಡಿಗಳು. ಅರುವತ್ತು ವರ್ಷದ ಹಿಂದೆ ಹೊಸ ಮನೆ ಕಟ್ಟಿಸಿದವರು ಆಸೆಪಟ್ಟು ತಂದು ತೂಗುಹಾಕುತ್ತಿದ್ದರು. ಈಗ ಅವಕ್ಕೆ ಮತ್ತೆ ಬೇಡಿಕೆ ಬಂದಿತ್ತು. ಬೇಡಿಕೆಯ ಬೆನ್ನಿಗೇ ನಕಲೂ ಬಂದಿತ್ತು. ಎರಡನ್ನೂ ಬೇರೆಮಾಡಿ ಹೇಳಬಲ್ಲ ಒಬ್ಬನು ವ್ಯಾಪಾರಿಗೆ ಬೇಕಾಗಿದ್ದ.

ಹಳ್ಳಿಯ ಯುವಕನೊಬ್ಬ ಆ ಕೆಲಸ ಕೇಳಿಕೊಂಡು ಬಂದ. ಕೆಲಸ ಸಿಗದೆ ಊರಿಗೆ ಮರಳುವುದಿಲ್ಲವೆಂದು ಎಲ್ಲರೆದುರು ಆಣೆ ಇಟ್ಟು ಬಂದಿದ್ದ.

‘ಗಡಿಯಾರದ ವಿಚಾರ ಗೊತ್ತೇನಯ್ಯಾ?’ ಎಂದ ವ್ಯಾಪಾರಿ.

‘ದನದ ಸಂತೆಯಲ್ಲಿ ಎತ್ತಿನ ವಯಸ್ಸು ಹೇಳುವವನು ನಾನು, ಸಾಹುಕಾರ್ರೇ. ನಿಮ್ಮ ಗಡಿಯಾರವೇನು ಮಹಾ!’

ವ್ಯಾಪಾರಿ ಎರಡು ಗಡಿಯಾರಗಳನ್ನು ಮೇಜಿನ ಮೇಲಿಟ್ಟ. ಒಂದರ ಕಡ್ಡಿಗಳು ಮಾಸಿದ್ದವು, ಮುಖ ಹಳದಿಗಟ್ಟಿತ್ತು, ಅಂಚಿನಲ್ಲಿ ಗೀರುಗಳಿದ್ದವು. ಇನ್ನೊಂದು ಥಳಥಳ ಹೊಳೆಯುತ್ತಿತ್ತು. ಯುವಕ ಮಾಸಿದ್ದರ ಮೇಲೆ ಕೈಯಿಟ್ಟ.

‘ಇದೇ ಅಸಲಿ. ಬೇಕಾದರೆ ಬರೆದುಕೊಡುತ್ತೇನೆ.’

ವ್ಯಾಪಾರಿ ಎರಡನ್ನೂ ಮಗುಚಿ, ಬೆನ್ನಿನ ಮುಚ್ಚಳ ಬಿಚ್ಚಿದ. ಮಾಸಿದ್ದರ ಒಳಗೆ ಯಾರ ಕೈಯೂ ಆಡಿರಲಿಲ್ಲ. ಸ್ಕ್ರೂಗಳ ತಲೆ ಸವೆದಿರಲಿಲ್ಲ. ಮುಖದ ಹಳದಿ ಚಹಾ ಡಿಕಾಕ್ಷನ್ನಿನದು, ಗೀರುಗಳು ಉಪ್ಪುಕಾಗದದವು.

ಹೊಳೆಯುವುದನ್ನು ಒಂದು ಮನೆಯವರು ಪ್ರತಿ ಶುಕ್ರವಾರ ಒರೆಸಿ ಇಟ್ಟುಕೊಂಡಿದ್ದರು. ಅದರ ಸ್ಕ್ರೂಗಳ ತಲೆ ಸವೆದುಹೋಗಿತ್ತು. ನಿಂತ ಗಡಿಯಾರವನ್ನು ಬಿಚ್ಚಿದ ರಿಪೇರಿಯವನು ತನ್ನ ಗುರುತನ್ನೂ ಇಸವಿಯನ್ನೂ ಮುಚ್ಚಳದ ಒಳಗೆ ಸೂಜಿಯಿಂದ ಕೊರೆಯುವುದು ಆ ಕಸುಬಿನ ರೂಢಿ. ಅಲ್ಲಿ ನಾಲ್ಕು ಗುರುತುಗಳಿದ್ದವು. ಒಂದು ಕನ್ನಡದಲ್ಲಿ, ಒಂದು ಉರ್ದುವಿನಲ್ಲಿ, ಮಿಕ್ಕೆರಡಕ್ಕೆ ಇಸವಿಯ ಪಕ್ಕ ಬರೀ ಗೆರೆ.

‘ನಾಲ್ಕು ಸಲ ನಿಂತಿದೆ, ನಾಲ್ಕು ಸಲವೂ ಎದ್ದು ನಡೆದಿದೆ. ಬಾಯಿ ಬಿಡಿಸಿ ಹಲ್ಲು ನೋಡದೆ ಎತ್ತಿನ ವಯಸ್ಸು ಹೇಳುತ್ತೀಯೇನೋ? ಇದರ ಮುಖ ನೋಡಿಯೇ ಹೇಳಿಬಿಟ್ಟೆಯಲ್ಲ!’

ಯುವಕ ತಲೆ ತಗ್ಗಿಸಿದ. ವ್ಯಾಪಾರಿ ಅವನಿಗೆ ಆ ಕೆಲಸ ಕೊಡಲಿಲ್ಲ. ಕೈಗೊಂದು ಸ್ಕ್ರೂಡ್ರೈವರ್ ಕೊಟ್ಟು, ರಿಪೇರಿಯವನ ಬಳಿ ಕೂರಿಸಿದ.

ಗುರುಗಳು ಕತೆ ನಿಲ್ಲಿಸಿದರು. ಗುಡ್ಡಪ್ಪ ಗಹಗಹಿಸಿ ನಕ್ಕ.

‘ಎಂಥ ಪೆದ್ದನಪ್ಪಾ! ಒಂದು ಸಲ ಬಿಚ್ಚಿ ನೋಡಬಾರದಿತ್ತೇ? ಅವನ ಜಾಗದಲ್ಲಿ ನಾನಿದ್ದಿದ್ದರೆ...’

‘ನಿನ್ನ ಮುಚ್ಚಳದ ಒಳಗೆ ಯಾರ ಗುರುತಿದೆ, ಗುಡ್ಡಪ್ಪ?’ ಎಂದರು ಗುರುಗಳು.

ಗುಡ್ಡಪ್ಪನ ನಗು ನಿಂತಿತು. ದೀಕ್ಷೆ ಕೇಳಲು ಬಂದವನಿಗೆ ಅಂದು ಸಿಕ್ಕಿದ್ದು ಆ ಪ್ರಶ್ನೆಯೊಂದೇ.